ಕಣ್ಣು ಅಪ್ಪನ ಪಾಲಿನ ಕೆಲಸ

ಸಿಂದಗಿಯ ಚಿತ್ರಕಲಾ ಶಾಲೆ ಸೇರಿದ ಮೊದಲ ವಾರ. ಎದುರಿಗೆ ಒಬ್ಬ ಮುದುಕಿಯನ್ನು ಕೂಡಿಸಿ, ಆಕೆಯ ಮುಖ ಬರೆಯಿರಿ ಎಂದು ಹೇಳಿ ಮಾಸ್ತರರು ಎಲೆಯಡಿಕೆ ಹಾಕಿಕೊಳ್ಳಲು ಹೊರಗೆ ಹೋಗಿದ್ದರು. ತಿರುಗಿ ಬಂದು ನನ್ನ ಹಾಳೆ ನೋಡಿದವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಸೆರಗಿನ ದಡಿ, ಮೂಗಿನ ನತ್ತು, ಜೋತುಬಿದ್ದ ಕಿವಿಯ ತೂತು, ಗದ್ದದ ಮೇಲಿನ ಹಚ್ಚೆ, ಒಂದನ್ನೂ ನಾನು ಬಿಟ್ಟಿರಲಿಲ್ಲ. ಕಣ್ಣಿರಬೇಕಾದಲ್ಲಿ ಮಾತ್ರ ಬರೀ ಬಿಳಿ ಕಾಗದ.

"ಏನವಾ ಇದು? ಕಣ್ಣ ಎಲ್ಲೆವ?"

"ನಂದು ಮುಗದೈತ್ರಿ ಸರ್."

"ಮುಗದೈತಿ ಅಂದ್ರ? ಕಣ್ಣ ಯಾರು ಬರೀಬೇಕು, ನಿಮ್ಮಪ್ಪ?"

"ಹೌದ್ರಿ" ಅಂದೆ.

ತರಗತಿಯ ಇಪ್ಪತ್ತು ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನನ್ನು ಬಿಟ್ಟರೆ ಅಲ್ಲಿದ್ದ ಇನ್ನೊಬ್ಬಳೇ ಹುಡುಗಿಯೂ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ದಂಗಾಗಿ ಕೂತೆ. ಮಾಸ್ತರರು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ. ಅದರಲ್ಲಿ ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ.

ನಮ್ಮದು ಮುದ್ದೇಬಿಹಾಳ. ಅಪ್ಪನದು ತಲೆತಲಾಂತರದ ಬಣ್ಣದ ಕೆಲಸ. ಸುತ್ತಲ ಊರುಗಳ ದ್ಯಾಮವ್ವ, ದುರ್ಗವ್ವರ ಕಟ್ಟಿಗೆಯ ಮೂರ್ತಿಗಳು ಬಣ್ಣ ಮಾಸಿದಾಗ ಎತ್ತಿನ ಗಾಡಿಯಲ್ಲಿ ಮಲಗಿಕೊಂಡು ನಮ್ಮ ಮನೆಗೆ ಬರುತ್ತಿದ್ದವು. ಹಳೆಯ ಬಣ್ಣ ಕೆರೆದ ಕೂಡಲೇ ಅಪ್ಪ ಮೂರ್ತಿಯ ಕಣ್ಣಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಅಲ್ಲಿಂದ ಮುಂದಿನದೆಲ್ಲ ಹೆಂಗಸರ ಕೆಲಸ. ಹುಣಸೆಬೀಜ ಕುದಿಸಿ ಅಂಟು ತೆಗೆಯುವುದು, ಬಣ್ಣ ಅರೆಯುವುದು, ಸೀರೆಯ ಮೇಲೆ ಹೂ ಬಿಡಿಸುವುದು, ಬಳೆ, ಸರ, ತುಟಿ, ಮೂಗುತಿ. ಐದನೆಯ ವಯಸ್ಸಿಗೇ ನಾನು ದೇವಿಯ ಕಾಲುಂಗುರ ಬರೆದವಳು. ಆದರೆ ಕಣ್ಣು ಅಪ್ಪನದು.

ಕಣ್ಣು ಬರೆಯುವ ದಿನ ಅಪ್ಪ ಜಳಕ ಮಾಡಿ, ನಮ್ಮನ್ನೆಲ್ಲ ಹೊರಗೆ ಕಳಿಸಿ, ತಂಬಿಗೆಯ ನೀರಿನಲ್ಲಿ ಎರಡೂ ಕೈ ತೊಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದ. ದೇವಿಯ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ಬಿದ್ದರೆ ತಾಳಿಕೊಳ್ಳುವುದು ಆಗದು ಅನ್ನುತ್ತಿದ್ದ. ಅದಕ್ಕೆಂದು ಎದುರಿಗೆ ಒಂದು ಕನ್ನಡಿ ಇಡುತ್ತಿದ್ದ. ಕೆಲಸ ಮುಗಿದ ಮೇಲೆ ಅವನು ದೇವಿಗೆ ಹೇಳುವ ಒಂದೇ ಮಾತು ಒಳಗಿನಿಂದ ಕೇಳಿಸುತ್ತಿತ್ತು: "ಅವ್ವಾ, ಈಗ ನೋಡು." ಆ ಮಾತು ಕೇಳಿದ ಮೇಲೇ ನಮ್ಮವ್ವ ಒಲೆ ಹಚ್ಚುತ್ತಿದ್ದಳು.

ಒಂಬತ್ತು ವರ್ಷದವಳಿದ್ದಾಗ ನಾನು ಅಂಗೈಯಷ್ಟು ಕಟ್ಟಿಗೆಯ ಗೊಂಬೆಯೊಂದಕ್ಕೆ ಎರಡು ಕಪ್ಪು ಬೊಟ್ಟು ಇಟ್ಟುಬಿಟ್ಟೆ. ಆಟದ ಗೊಂಬೆ, ದೇವರಲ್ಲ ಏನಲ್ಲ. ಅಪ್ಪ ನೋಡಿದ. ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಕೈಯಿಂದ ಗೊಂಬೆ ಕಸಿದುಕೊಂಡು ಚೂರಿಯಿಂದ ಆ ಎರಡು ಬೊಟ್ಟು ಕೆರೆದು ತೆಗೆದ. ಆಮೇಲೆ ನನ್ನನ್ನು ಒಂದು ಗಳಿಗೆ ದಿಟ್ಟಿಸಿದ. "ಹೆಣ್ಮಕ್ಕಳ ಕೈ ಕಣ್ಣಿಗೆ ಹೋಗಬಾರ್ದು" ಅಂದವನು ಅವತ್ತು ಊಟ ಮಾಡಲಿಲ್ಲ. ಹೊಡೆದಿದ್ದರೆ ನಾನು ಸಂಜೆಯ ಹೊತ್ತಿಗೆ ಮರೆಯುತ್ತಿದ್ದೆ. ಆ ನೋಟ ಮಾತ್ರ ಎಷ್ಟೋ ವರ್ಷ ಹಾಗೇ ಉಳಿಯಿತು.

ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ನಾಲ್ಕು ಸಲ ಮನೆಗೆ ಎಡತಾಕಿದ ಮೇಲೆ ಅಪ್ಪ ನನ್ನನ್ನು ಸಿಂದಗಿಗೆ ಕಳಿಸಲು ಒಪ್ಪಿದ. ಅಲ್ಲಿ ಚಿಗವ್ವನ ಮನೆ ಇತ್ತು. ಎಪ್ಪತ್ತರ ದಶಕದಲ್ಲಿ ಹುಡುಗಿಯೊಬ್ಬಳು ಚಿತ್ರ ಕಲಿಯಲು ಊರು ಬಿಟ್ಟು ಹೋಗುವುದು ನಮ್ಮ ಓಣಿಗೆ ಸಣ್ಣ ಸುದ್ದಿ ಆಗಿರಲಿಲ್ಲ. ಅಪ್ಪ ಒಂದೇ ಕರಾರು ಹಾಕಿದ: "ಎರಡ ವರ್ಷ, ಒಂದ ಪರೀಕ್ಷಾ. ಪಾಸಾದಿ ಅಂದ್ರ ಸಾಲ್ಯಾಗ ಟೀಚರ್ ಆಗು. ಇಲ್ಲಾಂದ್ರ ಟ್ರಂಕ್ ತಗೊಂಡು ಮನಿಗೆ ಬಾ, ವರಾ ನೋಡೇನಿ." ನೋಡಿದ್ದೇನೆ ಅಂದನಲ್ಲ, ಅದು ಸುಳ್ಳಾಗಿರಲಿಲ್ಲ. ಅವನು ನೋಡಿಟ್ಟ ವರ ಬಾಗೇವಾಡಿಯಲ್ಲಿ ಗಿರಣಿ ನಡೆಸುತ್ತಿದ್ದ. ಬಣ್ಣವೆಂದರೆ ಹಿಟ್ಟಿನ ಬಿಳಿ ಒಂದೇ ಗೊತ್ತಿದ್ದ ಮನುಷ್ಯ.

ನಮ್ಮ ಶಾಲೆ ಇದ್ದದ್ದು ಮಾರುಕಟ್ಟೆಯ ಗೋದಾಮಿನ ಮಾಳಿಗೆಯಲ್ಲಿ. ಕೆಳಗೆ ತೊಗರಿ ಚೀಲ ಇಳಿಸಿದಾಗೆಲ್ಲ ಮೇಲೆ ನಮ್ಮ ಹಸಿ ಬಣ್ಣದ ಮೇಲೆ ಧೂಳು ಕೂರುತ್ತಿತ್ತು. ನಕ್ಷೆ, ವಿನ್ಯಾಸದ ತರಗತಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ದಡಿ, ಬಳ್ಳಿ, ಮೂಲೆಹೂವು ಎಲ್ಲ ಕೈಯಿಂದ ತಾನೇ ಇಳಿಯುತ್ತಿದ್ದವು. ಮುಖ ಬರೆಯುವ ದಿನ ಬಂತೆಂದರೆ ಸಾಕು, ನಾನು ಹಿಂದಿನ ಮೂಲೆ ಹುಡುಕುತ್ತಿದ್ದೆ. ಎಲ್ಲಕ್ಕಿಂತ ದೊಡ್ಡ ಆಘಾತವೆಂದರೆ, ಆ ಶಾಲೆಯಲ್ಲಿ ಕಣ್ಣಿನಿಂದಲೇ ಶುರು ಮಾಡಿಸುತ್ತಿದ್ದರು. ಮೊದಲು ಎರಡು ಕಣ್ಣು ಗುರುತಿಸಿ, ಅದರ ಅಳತೆಯ ಮೇಲೆ ಮೂಗು, ಬಾಯಿ, ಕಿವಿ. ಹಿಂದೂ ಮುಂದೂ ನೋಡದೆ, ಕೈ ಕೂಡ ತೊಳೆಯದೆ ಹುಡುಗರು ಕಣ್ಣು ಬರೆದು ಬಿಸಾಡುವಾಗ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ನಾನು ನೂರೆಂಟು ಕಳ್ಳದಾರಿ ಹುಡುಕಿದೆ. ತಲೆ ತಗ್ಗಿಸಿದ ಮುಖ ಬರೆದೆ. ಹೊರಳಿ ಕೂತವರ ಬೆನ್ನು, ಜಡೆ ಬರೆದೆ. ಬಿಸಿಲಿಗೆ ಅಂಗೈ ಅಡ್ಡ ಹಿಡಿದ ಹೆಂಗಸನ್ನು ಬರೆದೆ. ಒಮ್ಮೆ ನಮ್ಮ ಮಾಸ್ತರರನ್ನೇ ಕಪ್ಪು ಕನ್ನಡಕ ಹಾಕಿ ಬರೆದೆ, ಅವರು ಜನ್ಮದಲ್ಲಿ ಕನ್ನಡಕ ಹಾಕಿದವರಲ್ಲ.

ಎರಡನೆಯ ವರ್ಷ ಅವರು ಚಲಿಸುವ ಚಿತ್ರದ ಪಾಠ ಮಾಡಿದರು. ಯಂತ್ರವೇನೂ ಇರಲಿಲ್ಲ. ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಳೆಗೊಂದರಂತೆ ಚಿತ್ರ ಬರೆದು, ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಟ್ಟರೆ ಚಿತ್ರ ಅಲುಗಾಡುತ್ತಿತ್ತು. ಮಾಸ್ತರರ ಪುಸ್ತಕದಲ್ಲಿ ಒಂದು ಮುಖ ಕಣ್ಣು ಮಿಟುಕಿಸಿತು. ನಾನು ಕೂತಲ್ಲಿಂದ ಎದ್ದು ಗೋಡೆಗೆ ಹೋಗಿ ಆತುಕೊಂಡೆ. ಕಾಗದ ನನ್ನನ್ನು ನೋಡಿತ್ತು, ಅಡ್ಡ ಒಂದು ಕನ್ನಡಿಯೂ ಇರಲಿಲ್ಲ. ನಾನು ಮಾಡಿದ ಪುಸ್ತಕದಲ್ಲಿ ಹೆಂಗಸೊಬ್ಬಳು ತಲೆಯ ಮೇಲೆ ಸೆರಗು ಎಳೆದುಕೊಂಡು ನಿಧಾನ ನಮ್ಮ ಕಡೆ ಮುಖ ತಿರುಗಿಸುತ್ತಿದ್ದಳು. ಸೆರಗಿನ ನಿರಿಗೆ ಒಂದೊಂದೂ ಸರಿಯಾಗಿ ಬಿದ್ದಿತ್ತು. ಮುಖ ಪೂರ್ತಿ ತಿರುಗಿದಾಗ ಕಣ್ಣಿನ ಜಾಗ ಖಾಲಿ. ಮಾಸ್ತರರ ಕೈಯಿಂದ ಪುಸ್ತಕ ಜಾರಿಬಿತ್ತು.

"ಹುಡುಗೀ, ಇಕಿ ನನ್ನ ಕನಸಿನ್ಯಾಗ ಬಂದ್ರ ನಾ ಏನ ಮಾಡ್ಲಿ?" ಅಂದರು. ಆಮೇಲೆ ಗಂಭೀರವಾಗಿ, "ಕಡೀ ಪರೀಕ್ಷಾದಾಗ ಎದುರ ಕುಂತ ಮನಿಷಾನ ಮುಖಾ ಬರೀಬೇಕು. ನೆಟ್ಟಗ ನೋಡೂ ಮುಖ. ಕಣ್ಣಿಲ್ಲಂದ್ರ ನಾಪಾಸು. ನಾ ಏನೂ ಮಾಡಾಕ ಬರಂಗಿಲ್ಲ" ಅಂದರು. ಆ ದಿನದಿಂದ ಪರೀಕ್ಷೆಯ ತನಕ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಮೊದಲೇ ನಾನು ಸಿಡುಕಿ. ಚಿಗವ್ವ ರೊಟ್ಟಿ ನೀಡಲು ಬಂದರೂ ಮೈಮೇಲೆ ಹೋಗುತ್ತಿದ್ದೆ.

ಪರೀಕ್ಷೆಯ ಕೊನೆಯ ದಿನ ನನ್ನನ್ನು ಟ್ರಂಕ್ ಸಮೇತ ಕರೆದೊಯ್ಯಲು ಅಪ್ಪ ಮುಂಜಾನೆಯ ಬಸ್ಸಿಗೇ ಬಂದಿದ್ದ. ನಾನು ಮಾಳಿಗೆಯ ಮೆಟ್ಟಿಲು ಹತ್ತುವಾಗ ಮಾಸ್ತರರು ಪಡಸಾಲೆಯಲ್ಲಿ ಅವನಿಗೆ ಹೇಳುತ್ತಿದ್ದರು: "ನಿಮ್ಮ ಮಗಳ ಕೈ ಬಂಗಾರರಿ. ಆದ್ರ ಎರಡ ವರ್ಷದಾಗ ಒಂದ ಕಣ್ಣ ಬರದಿಲ್ಲ. ಕೇಳಿದ್ರ ಅದು ನಿಮ್ಮ ಕೆಲಸ ಅಂತಾಳ." ಅಪ್ಪ ನನ್ನ ಕಡೆ ನೋಡಿದ, ನಾನು ದಡದಡ ಒಳಗೆ ಹೋಗಿಬಿಟ್ಟೆ.

ಪ್ರತಿ ವರ್ಷ ಪರೀಕ್ಷೆಗೆ ಬಂದು ಕೂರುತ್ತಿದ್ದವನು ಯಂಕಂಚಿಯ ಒಬ್ಬ ಮುದುಕ. ಅವತ್ತು ಅವನು ಬೀಗರ ಮದುವೆಗೆಂದು ಇಂಡಿಗೆ ಹೋಗಿದ್ದನಂತೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಗಡಿಯಾರ ನೋಡಿದರು, ಪಡಸಾಲೆಗೆ ಇಣುಕಿದರು. ಬಿಳಿ ಪಟಕಾ, ಹುರಿ ಮೀಸೆ, ಹಣೆಯ ಮೇಲೆ ವಿಭೂತಿ. "ಈ ಯಜಮಾನ್ರನ್ನ ಕರೀರಿ, ಮುಖಾ ಚಲೋ ಐತಿ" ಅಂದರು. ಅಪ್ಪ ಬಂದು ನಮ್ಮೆಲ್ಲರ ಮುಂದೆ, ನನಗೆ ಸರಿಯಾಗಿ ಎದುರು, ಸ್ಟೂಲಿನ ಮೇಲೆ ಕೂತ.

ನಾನು ಹೌಹಾರಿದೆ. ಊರ ದೇವತೆಗಳಿಗೆಲ್ಲ ಕಣ್ಣು ಕೊಟ್ಟವನ ಕಣ್ಣನ್ನು ನಾನು ಬರೆಯಬೇಕಾಗಿತ್ತು, ಅದೂ ಅವನು ನೋಡುತ್ತ ಕೂತಿರುವಾಗ.

ಹುಡುಗರೆಲ್ಲ ಶಾಲೆ ಕಲಿಸಿದ ಹಾಗೆ ಮೊದಲ ಅರ್ಧ ತಾಸಿನಲ್ಲಿ ಕಣ್ಣು ಮುಗಿಸಿದರು. ನಾನು ಪಟಕಾದ ಸುತ್ತಿನಿಂದ ಶುರು ಮಾಡಿದೆ. ಹಣೆಯ ಗೆರೆ, ಕಿವಿ, ಮೀಸೆ, ಕೊರಳಿನ ನರ. ಮನೆಯ ಕ್ರಮ ಬಿಟ್ಟು ಬೇರೆ ಕ್ರಮ ನನ್ನ ಕೈಗೆ ಬರಲೇ ಇಲ್ಲ. ಅಪ್ಪ ರೆಪ್ಪೆ ಹೊಡೆಯದೆ ನನ್ನ ಕೈಯನ್ನೇ ನೋಡುತ್ತಿದ್ದ. ಎರಡೂವರೆ ತಾಸು ಕಳೆಯಿತು. ಹಾಳೆಯಲ್ಲಿ ಅಪ್ಪ ಪೂರ್ತಿ ಬಂದಿದ್ದ, ಕಣ್ಣೆರಡನ್ನು ಬಿಟ್ಟು.

ಇನ್ನು ಅರ್ಧ ತಾಸು ಉಳಿದಿತ್ತು. ಆಗ ನಾನು ಏನು ಮಾಡಿದೆನೆಂಬುದರ ಅರಿವು ನನಗೇ ಇರಲಿಲ್ಲ. ಪೆನ್ಸಿಲ್ ಕೆಳಗಿಟ್ಟು, ಬಣ್ಣಕ್ಕೆಂದು ಇಟ್ಟಿದ್ದ ಮಗ್ಗಿನ ನೀರಿನಿಂದ ಎರಡೂ ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡೆ. ತಲೆಯೆತ್ತಿ ನೋಡಿದರೆ ಅಪ್ಪ ಕಣ್ಣು ಮುಚ್ಚಿಕೊಂಡಿದ್ದ.

ಸಿಟ್ಟು ನೆತ್ತಿಗೇರಿತು. ಹೆಣ್ಣಿನ ಕೈಗೆ ಕಣ್ಣು ಸಿಗಬಾರದೆಂದು ಇಷ್ಟು ಜನರೆದುರು, ಪರೀಕ್ಷೆಯ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೂತನಲ್ಲ ಇವನು! ಎಂಥ ಹಟ! ಗಿರಣಿಯವನ ಮನೆಯ ಹಿಟ್ಟೆಲ್ಲ ನನ್ನ ತಲೆಯ ಮೇಲೆ ಸುರಿದಂತಾಯಿತು. ಅಲ್ಲಿಯೇ ಹಾಳೆ ಹರಿದು ಎದ್ದುಹೋಗಬೇಕೆಂದುಕೊಂಡೆ.

ಪರೀಕ್ಷಕರು ಹತ್ತಿರ ಬಂದರು. "ಯಜಮಾನ್ರ, ಕಣ್ಣ ತೆರೀರಿ. ನಿದ್ದಿ ಬಂತೇನ್ರಿ?"

"ಇಲ್ಲರಿ, ಎಚ್ಚರ ಅದೇನಿ" ಅಂದ ಅಪ್ಪ, ಕಣ್ಣು ಮುಚ್ಚಿಕೊಂಡೇ. "ಆಕಿ ಕೈ ತೊಳಕೊಂಡಾಳರಿ. ಇನ್ನ ನಾ ನೋಡಬಾರ್ದು. ಆಕಿ ಕಣ್ಣ ಬರದ ಮುಗಸಲಿ, ಆಮ್ಯಾಲೆ ತೆರೀತೇನಿ."

ಪರೀಕ್ಷಕರಿಗೆ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು. ಅಪ್ಪ ನನ್ನನ್ನು ತಡೆದಿರಲಿಲ್ಲ. ನಮ್ಮ ಮನೆಯಲ್ಲಿ ದ್ಯಾಮವ್ವ ಹೇಗೆ ಕೂರುತ್ತಿದ್ದಳೋ ಹಾಗೆ ಕೂತಿದ್ದ. ಕಣ್ಣು ಬರೆಯುವವರು ಕೈ ತೊಳೆದ ಮೇಲೆ ಬರೆಸಿಕೊಳ್ಳುವವರು ಕೂರಬೇಕಾದ ಹಾಗೆ.

ಮುಚ್ಚಿದ ಕಣ್ಣನ್ನು ನೋಡಿ ತೆರೆದ ಕಣ್ಣು ಬರೆಯುವುದು ಹೇಗೆ? ನೆನಪಿನಿಂದಲೇ ಬರೆಯಬೇಕಿತ್ತು. ನೆನಪಿಗೆ ಬಂದದ್ದು ಒಂದೇ ನೋಟ, ಗೊಂಬೆಯ ಬೊಟ್ಟು ಕೆರೆದ ದಿನದ್ದು. ಅದನ್ನೇ ಬರೆಯತೊಡಗಿದೆ. ರೆಪ್ಪೆಯ ಎತ್ತರ, ಹುಬ್ಬಿನ ಕೆಳಗಿನ ಎಳೆತ, ಕಪ್ಪುಗುಡ್ಡೆಯ ಸುತ್ತ ಉಳಿದ ಬಿಳುಪು. ಬರೆಯುತ್ತ ಬರೆಯುತ್ತ ನನ್ನ ಕೈ ನಿಂತುಹೋಯಿತು. ಇಷ್ಟು ವರ್ಷ ನಾನು ಅದನ್ನು ಸಿಟ್ಟು ಎಂದುಕೊಂಡಿದ್ದೆ. ಕಾಗದದ ಮೇಲೆ ಬಂದದ್ದು ಸಿಟ್ಟಾಗಿರಲಿಲ್ಲ. ಅಪ್ಪ ಅವತ್ತು ಹೆದರಿದ್ದ. ಗೊಂಬೆಯ ಮೊದಲ ನೋಟ ಬಿದ್ದು ಒಂಬತ್ತು ವರ್ಷದ ಮಗಳಿಗೆ ಏನಾದರೂ ಆಗಿಬಿಟ್ಟರೆ ಎಂದು ಹೆದರಿ, ಉಪವಾಸ ಬಿದ್ದಿದ್ದ. ನನಗೆ ಅಳು ಒತ್ತಿ ಬಂತು. ಹಾಳೆ ತೊಯ್ದೀತೆಂದು ಅದನ್ನು ನುಂಗಿಕೊಂಡು ಬೊಟ್ಟು ಇಟ್ಟು ಮುಗಿಸಿದೆ.

ಎದುರಿಗೆ ಇಡಲು ಕನ್ನಡಿ ಇರಲಿಲ್ಲ. ಬೋರ್ಡನ್ನು ಎರಡೂ ಕೈಯಿಂದ ಎತ್ತಿ, ಚಿತ್ರವನ್ನು ಅವನ ಕಡೆ ಮಾಡಿ, ನನ್ನ ಮುಖಕ್ಕೆ ಅಡ್ಡ ಹಿಡಿದೆ.

"ಅಪ್ಪಾ, ಈಗ ನೋಡು."

ಬೋರ್ಡಿನ ಹಿಂದೆ ನನಗೆ ಕೇಳಿಸಿದ್ದು ಸ್ಟೂಲ್ ಒಮ್ಮೆ ಕಿರುಗುಟ್ಟಿದ್ದು ಅಷ್ಟೇ. ನಾನು ಬೋರ್ಡು ಇಳಿಸುವಷ್ಟರಲ್ಲಿ ಅಪ್ಪ ಪಡಸಾಲೆಗೆ ಹೋಗಿ ಅಲ್ಲಿ ತಂದಿಟ್ಟಿದ್ದ ನನ್ನ ಟ್ರಂಕಿನ ಮೇಲೆ ಕೂತಿದ್ದ.

ಫಲಿತಾಂಶ ಬಂದಾಗ ನಾನು ಪಾಸಾಗಿದ್ದೆ. ಎದುರಿನ ವ್ಯಕ್ತಿಯನ್ನು ನೋಡದೆ ಕಣ್ಣು ಬರೆದದ್ದಕ್ಕೆ ಪರೀಕ್ಷಕರು ಅಂಕ ಕಡಿಮೆ ಕೊಟ್ಟಿದ್ದರು. ಅದು ಆಮೇಲಿನ ಮಾತು. ಅವತ್ತು ಸಿಂದಗಿಯಿಂದ ಬಾಗೇವಾಡಿಯ ತನಕ ಒಂದು ಬಸ್ಸಿನಲ್ಲಿ ಬಂದೆವು. ಬಾಗೇವಾಡಿಯಲ್ಲಿ ಇಳಿದು ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತಿದ್ದೆವು. ಗಿರಣಿಯವರ ಮಾತು ಈಗ ಎತ್ತುತ್ತಾನೆ ಎಂದು ಎದೆ ಗಟ್ಟಿ ಮಾಡಿಕೊಂಡು ಕೂತೆ. ಅಪ್ಪ ಬಸಿಯಲ್ಲಿ ಸುರಿದುಕೊಂಡ ಚಹಾ ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡ.

"ಬಲಗಣ್ಣಿನ ಬೊಟ್ಟು ಒಂದ ಎಳೀ ಒಳಗ ಸರದೈತಿ" ಅಂದ. "ಮನ್ಯಾಗ ದುರ್ಗವ್ವ ಬಂದು ಎಂಟ ದಿನ ಆತು. ನಾಳೆ ಜಳಕಾ ಮಾಡಿ ನೀನ ಕುಂಡ್ರು. ಕನ್ನಡಿ ನಾ ಹಿಡೀತೇನಿ."