ಹಲ್ಲೀ ಕಿತೀ

ತಣ್ಣೀರು ಕುಡಿದರೆ ನನ್ನ ಹಲ್ಲು ಜುಂ ಅಂದು ಕಣ್ಣಲ್ಲಿ ನೀರು ಬರುತ್ತಿತ್ತು. ಕಲಬುರಗಿಯಿಂದ ಬಂದಿದ್ದ ಅಜ್ಜಿ, "ಉಪ್ಪು, ಇದ್ದಿಲು ಹಚ್ಚಿ ಗಸಗಸ ತಿಕ್ಕು" ಅಂದಳು. ಹತ್ತು ದಿನ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೆ. ಆಮೇಲೆ ಗಾಳಿ ತಾಗಿದರೂ ಜೀವ ಹೋಗತೊಡಗಿತು. ಸಂಭಾಜಿನಗರದ ಹತ್ತಿರದ ಶೇಂದ್ರಾದಲ್ಲಿ ನಾನು ದುಡಿಯುವ ಫ್ಯಾಕ್ಟರಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದವನು ಬಾಯಿ ಮುಚ್ಚಿಕೊಂಡು ಡಬ್ಬ ಕಟ್ಟುವಂತಾಯಿತು.

ಕೊನೆಗೆ ಅಜ್ಜಿಯ ಜೊತೆ ಸಂಭಾಜಿನಗರದ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಆ ಮೇಡಂ ನನ್ನ ಬಾಯಿಗೆ ಹತ್ತಿ ತುರುಕಿ, ಮರಾಠಿಯಲ್ಲಿ "ಹಲ್ಲೀ ಕಿತೀ ದುಖ್ತಂಯ?" ಅಂದರು. ಈಚೆಗೆ ಎಷ್ಟು ನೋವಿದೆ ಅಂತ, ಅಷ್ಟೇ. ಮರಾಠಿ ಬಾರದ ಅಜ್ಜಿಗೆ ಕೇಳಿಸಿದ್ದು "ಹಲ್ಲು ಕಿತ್ತೆ" ಅಂತ.

"ಕೀಳಬ್ಯಾಡ್ರೀ ಯವ್ವಾ!" ಅಂತ ಓಡಿಬಂದು ಡಾಕ್ಟರ ಕೈ ಹಿಡಿದಳು. "ಇವಂದಿನ್ನೂ ಲಗ್ನ ಆಗಿಲ್ರೀ! ಬೊಚ್ಚಬಾಯಿಗೆ ಯಾರು ಹೆಣ್ಣು ಕೊಡ್ತಾರ?"

"ಕಾಯ್ ಝಾಲಂ ಆಜೀ?" ಅಂತ ಡಾಕ್ಟರು ಗಾಬರಿಯಾಗಿ ಏನಾಯಿತೆಂದು ಕೇಳಿದರು. ನಾನು ಹತ್ತಿ ಉಗುಳಿ ಇಬ್ಬರಿಗೂ ಅರ್ಥ ಹೇಳಿದೆ. ಇಬ್ಬರೂ ನಕ್ಕರು. ನನಗೆ ನಗಲೂ ಆಗಲಿಲ್ಲ, ಬಾಯಿ ತೆರೆದರೆ ಎಸಿ ಗಾಳಿ ಒಳಗೆ ಹೋಗುತ್ತಿತ್ತು.

ಮೆತ್ತನೆ ಬ್ರಶ್ಶು, ಜುಂ ತಗ್ಗಿಸುವ ಪೇಸ್ಟು ಬಳಸು, ನೋವು ಕಡಿಮೆಯಾಗುತ್ತದೆ ಅಂದರು ಡಾಕ್ಟರು. ಆದರೆ ತಿಕ್ಕಿ ಸವೆಸಿದ ಹಲ್ಲಿನ ಮೇಲ್ಪದರ ಈ ಜನ್ಮದಲ್ಲಿ ಮತ್ತೆ ಬೆಳೆಯೋದಿಲ್ಲವಂತೆ. ನನಗಿನ್ನೂ ಹದಿನೆಂಟು.

"ಏನಂದ್ರೋ?" ಅಂದಳು ಅಜ್ಜಿ.

ನಿನ್ನ ಔಷಧದಿಂದಲೇ ಹೀಗಾಯಿತು ಅನ್ನಲು ನಾಲಗೆ ಏಳಲಿಲ್ಲ. "ಹಲ್ಲು ಛಲೋ ಅದಾವಂತ, ಹೆಣ್ಣು ನೋಡ್ರಿ ಅಂದ್ರು" ಅಂದೆ.

ಈಗ ಅಜ್ಜಿ ಕಲಬುರಗಿಗೆ ಹೋಗಿ ನನಗೆ ಹೆಣ್ಣು ಹುಡುಕುತ್ತಿದ್ದಾಳೆ. ನಾನಿಲ್ಲಿ ಬಿಸಿನೀರು ಆರಿಸಿಕೊಂಡು ಕುಡಿಯುತ್ತಾ ಕೂತಿದ್ದೇನೆ.