ಬಿಚ್ಚಲೊಲ್ಲದ ಎಲೆ

ಈಕೆ ಕಥೆಗಳಿಗೆ ಚಿತ್ರ ಬರೆಯುವವಳು. ಆದರೆ ಮನುಷ್ಯರ ಮುಖ ಮಾತ್ರ ಬರೆಯುವುದಿಲ್ಲ. ಕಥೆಯಲ್ಲಿ ಜಂಬದ ಮಾವ ಬಂದರೆ ಸೂರ್ಯಕಾಂತಿ, ಬಂದವನು ಹೋಗಲೊಲ್ಲದ ನೆಂಟನಾದರೆ ಮರಕ್ಕೆ ಹತ್ತಿದ ಬಂದಳಿಕೆ. ಅದೂ ಗಿಡವನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು, ನೆನಪಿನಿಂದ ಒಂದೆಲೆಯೂ ಕೂಡದು. ಹಠ ಅಂದರೆ ಹಠ! ಬೆಳಕು ಹರಿಯುವ ಮೊದಲೇ ಮುದ್ರಣಾಲಯಕ್ಕೆ ಹೊರಟು, ದಿನವಿಡೀ ಕರಡು ತಿದ್ದಿ, ಕತ್ತಲಾದ ಮೇಲೆ ತನ್ನ ಒಂಟಿ ಕೋಣೆಗೆ ಬಂದು ದೀಪ ಹಾಕಿ ಕುಂಚ ಹಿಡಿಯುವಳು.

ಈ ಸಲ ಅಕ್ಕತಂಗಿಯರ ಕಥೆ. ಮುನಿದ ತಂಗಿಗೆಂದು ಸೋಮವಾರ ಮುಟ್ಟಿದರೆ ಮುನಿ ಗಿಡದ ಕುಂಡ ತಂದಳು. ಮುದುಡಿದ ಎಲೆಗಳ ಪುಟಗಳು ಸಲೀಸಾಗಿ ಮುಗಿದವು. ಕೊನೆಯ ಪುಟದಲ್ಲಿ ತಂಗಿಯ ಮುನಿಸು ಕರಗುತ್ತದೆ, ಎಲೆ ಬಿಚ್ಚಬೇಕು. ಬಿಚ್ಚಲೊಲ್ಲದು! ಮೂರು ಸಂಜೆ ನೀರು ಹಾಕಿದಳು, ದೀಪದ ಹತ್ತಿರ ಎಳೆದಳು, ಬೆರಳಿಂದ ಬಿಡಿಸಲೂ ನೋಡಿದಳು.

"ಮೇಡಂ, ಬರೋ ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತೆ. ಅಂದಾಜಲ್ಲಿ ಬರೆದುಬಿಡಿ," ಎಂದ ಸಂಪಾದಕ.

"ನೋಡದೇ ಇರೋದನ್ನ ಹೇಗ್ರೀ ಬರೀಲಿ?"

ಅವಳಿಗೂ ಒಬ್ಬ ಅಕ್ಕ ಇದ್ದಾಳೆ. ಅಮ್ಮ ತೀರಿಕೊಂಡ ವಾರ ಆ ಅಕ್ಕ, "ಅಮ್ಮ ಹಾಸಿಗೆ ಹಿಡಿದಾಗ ನೀನು ಎಲೆ ಬರೀತಾ ಕೂತಿದ್ದೆ," ಅಂದುಬಿಟ್ಟಿದ್ದಳು. ಸುಳ್ಳಲ್ಲವಲ್ಲ, ಅದಕ್ಕೇ ಚುಚ್ಚಿತು. ನಾಲ್ಕು ವರ್ಷ ಇವಳು ಅಕ್ಕನ ಫೋನು ಎತ್ತಲಿಲ್ಲ. ಆರು ತಿಂಗಳಿಂದ ಅಕ್ಕನೂ ಮಾಡುವುದನ್ನು ಬಿಟ್ಟಿದ್ದಾಳೆ. ಈಗ ಕೋಣೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಫೋನು ನೋಡುತ್ತಾಳೆ, ಸಂಕಟಪಡುತ್ತಾಳೆ.

ಶನಿವಾರ ಜ್ವರ ಬಂತು. ರಜೆ ಹಾಕಿ ಮಲಗಿದವಳು ಹತ್ತು ಗಂಟೆಗೆ ಕಣ್ಣು ಬಿಟ್ಟರೆ, ಕಿಟಕಿಯಲ್ಲಿ ಗಿಡ ಮೈತುಂಬ ಎಲೆ ಬಿಚ್ಚಿ ನಿಂತಿದೆ! ಕತ್ತಲಾದರೆ ಮಲಗಿಬಿಡುವ ಗಿಡವದು. ಮೂವತ್ತು ವರ್ಷ ಎಲೆ ಬರೆದವಳಿಗೆ ಇಷ್ಟೂ ಗೊತ್ತಿರಲಿಲ್ಲ, ನೋಡಿ.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು. ಕುಂಡ ಮುಟ್ಟದೆ, ದೂರದಲ್ಲೇ ಕೂತು, ಮಧ್ಯಾಹ್ನದೊಳಗೆ ಚಿತ್ರ ಮುಗಿಸಿದಳು. ಆ ಹುಮ್ಮಸ್ಸಿನಲ್ಲೇ ಅಕ್ಕನಿಗೆ ಫೋನು ಹಚ್ಚಿದಳು.

ಎತ್ತಿದ್ದು ಅಕ್ಕನ ಮಗಳು. ಆಚೆ ಏನೋ ಗುಸುಗುಸು.

"ಚಿಕ್ಕಮ್ಮ... ಅಮ್ಮ ಮಾತಾಡಲ್ವಂತೆ. ಇಲ್ಲೇ ಕೂತಿದ್ದಾಳೆ. ಇರಿ, ಫೋನು ಅವಳ ಕಿವಿಗೇ ಹಿಡೀತೀನಿ."

"ಬೇಡ ಮಗಾ, ಬೇಡ. ಬಲವಂತ ಮಾಡಬೇಡ." ಅವಳ ಕಣ್ಣು ಕಿಟಕಿಯ ಗಿಡದ ಕಡೆಗಿತ್ತು. "ನಾಳೆ ಬೆಳಗ್ಗೆ ಮತ್ತೆ ಮಾಡ್ತೀನಿ. ನಾಡಿದ್ದೂ ಮಾಡ್ತೀನಿ ಅಂತ ಹೇಳು, ಅಷ್ಟೇ."