ನಾಯಿಗಳಿಗೆ ತೀರ್ಪು ಕೊಡುತ್ತಿದ್ದ ಡಾಕ್ಟರು

ಹರ್ಷಿತಾ, ಮನು, ನಮ್ಮ ಗುಂಡ್ಲುಪೇಟೆಯ ಬೀದಿಯಲ್ಲಿ ಆಚೆ ಮನೆಯಲ್ಲಿದ್ದ ಪಶುವೈದ್ಯರ ಬಲಗೈ ಹೆಬ್ಬೆರಳಿನ ಉಗುರು ಎರಡಾಗಿ ಸೀಳಿತ್ತು. ಯಾವುದೋ ನಾಯಿಯ ಹಲ್ಲಿನ ಗುರುತು. ಅದೇ ಬೆರಳಿನಿಂದ ಅವರು ನಾಯಿಯ ತುಟಿ ಎತ್ತಿ ಹಲ್ಲು ಎಣಿಸುತ್ತಿದ್ದರು. ನೀವು ಅವರನ್ನು ನೋಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿವೃತ್ತರಾದ ಮೇಲೆ ಅವರನ್ನು ಜಾತಿನಾಯಿಗಳ ಪ್ರದರ್ಶನಗಳಿಗೆ ತೀರ್ಪುಗಾರರಾಗಿ ಕರೆಯುತ್ತಿದ್ದರು. ನಮ್ಮ ಜಗುಲಿಯಲ್ಲಿ ಕಾಫಿ ಕುಡಿಯುತ್ತಾ ನಿಮ್ಮ ತಾತನಿಗೆ ಅದರ ಕ್ರಮ ಹೇಳುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಒಂದು ನಾಯಿಯನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲವಂತೆ. ಆ ತಳಿ ಹೇಗಿರಬೇಕೆಂದು ಬರೆದಿಟ್ಟಿದ್ದಾರೆ, ಪ್ರತಿ ನಾಯಿಯನ್ನೂ ಆ ಬರಹಕ್ಕೆ ಹಿಡಿದು ನೋಡಬೇಕು. "ಮೈ ಉಜ್ಜಿ ಮಿರುಗುಸ್ಬೌದು, ಮೂಳೇನ ಏನ್ ಮಾಡೀಯಪ್ಪ?" ಎನ್ನುತ್ತಿದ್ದರು.

ನಿಮ್ಮ ತಾತ ಮುಧೋಳ ತಳಿಯ ಹೆಣ್ಣುಮರಿ ತಂದು ಬೆಳ್ಳಿ ಎಂದು ಹೆಸರಿಟ್ಟರು. ಚಾಮರಾಜನಗರದ ಪ್ರದರ್ಶನದಲ್ಲಿ ಅದನ್ನು ಓಡಿಸಬೇಕೆಂಬುದು ಅವರ ಆಸೆ. ಅದಕ್ಕೆ ಮೊದಲೇ ಹೋಗಿಬಿಟ್ಟರು. ವರ್ಷ ಕಳೆದ ಮೇಲೆ ನಾನೇ ಪ್ರದರ್ಶನಕ್ಕೆ ಬೆಳ್ಳಿಯ ಹೆಸರು ಕೊಟ್ಟೆ. ಆ ಸಲದ ತೀರ್ಪುಗಾರರು ಡಾಕ್ಟರೇ.

ಹೆಸರು ಕೊಟ್ಟ ಮಾರನೆಯ ದಿನದಿಂದ ಅವರು ನನ್ನನ್ನು ಮಾತಾಡಿಸಲಿಲ್ಲ. ನಾನು ಬಾಗಿಲು ತೆರೆದರೆ ಅವರು ಒಳಗೆ ಹೋಗುತ್ತಿದ್ದರು. ದಾರಿಯಲ್ಲಿ ಕಂಡರೆ ರಸ್ತೆ ದಾಟಿ ಆ ಬದಿಗೆ. ಗಂಡ ಸತ್ತವಳು ಎದುರಾದರೆ ಹೊರಟ ಕೆಲಸ ಕೆಡುತ್ತದೆಂದು ಹಲವರು ಹಾಗೆ ಮಾಡುತ್ತಿದ್ದರು, ನನಗೆ ರೂಢಿಯಾಗಿತ್ತು. ಆದರೆ ಇವರೂ ಹಾಗೇ ಎಂದಾಗ ಹೊರಗೆ ಕಾಲಿಡುವುದೇ ಬೇಡವೆನಿಸಿತು. ಪ್ರದರ್ಶನಕ್ಕೂ ಹೋಗುವುದಿಲ್ಲವೆಂದೆ.

ನಿಮ್ಮಮ್ಮ ಬಿಡಲಿಲ್ಲ. "ಮಾವನ ಆಸೆ ಕಣತ್ತೆ. ಯಾರೋ ಮುಖ ತಿರುಗ್ಸುದ್ರು ಅಂತ ಕೂತ್ಕಂಡಿದ್ರೆ ಆಯ್ತದಾ? ಏಳಿ, ಓಗನ."

ಮೈದಾನದಲ್ಲಿ ಡಾಕ್ಟರು ನನ್ನ ಮುಖ ನೋಡಲಿಲ್ಲ. ಬೆಳ್ಳಿಯನ್ನು ದೂರದಿಂದ ಒಮ್ಮೆ ನೋಡಿದರು, ಹಲ್ಲು ನೋಡಿದರು, ಕಣ್ಣು ಮುಚ್ಚಿ ಭುಜದಿಂದ ಬಾಲದವರೆಗೆ ಕೈಯಾಡಿಸಿದರು. "ಓಡ್ಸಿ" ಎಂದರು. ಸೆರಗು ಬಿಗಿದು ಓಡಿದೆ. ಜನರ ಮುಂದೆ ನಾನು ಓಡಿದ್ದು ಅದೇ ಮೊದಲು. "ಹಗ್ಗ ಸಡ್ಲ ಬುಡಿ. ನಾನು ನೋಡ್ಬೇಕಾದ್ದು ನಾಯಿ ನಡ್ಗೆ, ನಿಮ್ದಲ್ಲ." ಜನ ನಕ್ಕರು. ಬೆಳ್ಳಿಗೆ ಮೂರನೆಯ ಸ್ಥಾನ ಬಂತು. ನಡೆಯುವಾಗ ಹಿಂಗಾಲುಗಳು ಒಳಕ್ಕೆ ಬಾಗುತ್ತವೆ ಎಂದು ಬರೆದಿದ್ದರು. ನಿಜವೇ.

ಹಾಳೆಗೆ ಸಹಿ ಹಾಕಿದವರೇ ನೇರ ನಮ್ಮ ಹತ್ತಿರ ಬಂದರು. "ಅಬ್ಬಾ, ಇನ್ ಮಾತಾಡ್ಬೌದು ಕಣವ್ವ! ತೀರ್ಪು ಕೊಡೋನು ನಾಯಿ ತರೋರ ಜೊತೆ ಸೇರ್ಬಾರ್ದು ಅಂತ ರೂಲ್ಸು. ಒಂದ್ ತಿಂಗ್ಳಿಂದ ನಿಮ್ಮನೆ ಕಾಫಿ ಇಲ್ದೆ ಸತ್ತೋಗಿದ್ದೆ."

ನನಗೆ ಅಳು ಬಂತು. ನಾನು ಏನೆಂದುಕೊಂಡಿದ್ದೆನೆಂದು ನಿಮ್ಮಮ್ಮ ಹೇಳಿದಳು. ಅವರು ಬೆಳ್ಳಿಯ ತಲೆಯ ಮೇಲೆ ಕೈಯಿಟ್ಟರು. "ಮೊದ್ಲೇ ಒಂದ್ ಮಾತ್ ಹೇಳ್ಬೇಕಿತ್ತು. ತಪ್ಪು ನಂದೇ ಕಣವ್ವ."

ಆಮೇಲೆ ಯಾವ ಊರಿಗೆ ತೀರ್ಪು ಕೊಡಲು ಹೊರಟರೂ ಗೇಟಿನಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: "ಅವ್ವಾ, ಓಗ್ತಾ ಇವ್ನಿ, ಎದುರ್ಗೆ ಬಾ!" ನಾನು ಹೋಗಿ ನಿಲ್ಲುವವರೆಗೆ ಕಾರು ಹತ್ತುತ್ತಿರಲಿಲ್ಲ.

ಎದೆನೋವು ಬಂದು ಮೈಸೂರಿಗೆ ಕರೆದೊಯ್ಯುವ ದಿನವೂ ಕರೆದರು. ನೆಂಟರೊಬ್ಬರು "ಈಗ ಬ್ಯಾಡ ಕಣಮ್ಮ" ಎಂದು ನನ್ನನ್ನು ತಡೆದರು. ಡಾಕ್ಟರು ಸ್ಟ್ರೆಚರಿನಿಂದಲೇ ಕೈ ಬೀಸಿ, "ಬುಡ್ರಲಾ ಅವಳ್ನ" ಎಂದರು. ಹೋಗಿ ನಿಂತೆ. ಅವರು ಮರಳಿ ಬರಲಿಲ್ಲ.

ಬೀದಿಯವರು ಏನು ಮಾತಾಡಿಕೊಂಡರೆಂದು ಬರೆಯುವುದಿಲ್ಲ. ನಾನು ಬಾಗಿಲು ಹಾಕಿಕೊಂಡೆ. ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಅವರ ಹೆಂಡತಿಯೇ ಬಂದು ತಟ್ಟಿದರು. ಅವರ ಹಣೆಯೂ ಈಗ ಬರಿದು. "ಮಗ ಕೆಲ್ಸುಕ್ಕೆ ಒಂಟವ್ನೆ. ಬಾ, ಎದುರ್ಗೆ ನಿಂತ್ಕಳನ, ಇಬ್ರೂವೆ."

ನಿಂತೆವು. ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ನೀವು ಎಲ್ಲಿಗಾದರೂ ಹೊರಡುವ ದಿನ ನಾನು ಹಿಂಜರಿಯದೆ ಬಾಗಿಲಿಗೆ ಬಂದು ನಿಂತರೆ, ಆ ಧೈರ್ಯ ಯಾರು ಕೊಟ್ಟದ್ದೆಂದು ನಿಮಗೆ ಗೊತ್ತಿರಲಿ.